ಉತ್ತರ ಹೊರಗೆ ಸಾಗಿಸುವ ಮೊದಲು ಪ್ರಶ್ನೆ ಒಳಗೆ ಬರಲಿ

ಪ್ರಶ್ನೆ: ನಾನು ಒಂದು ವಿಶ್ವವಿದ್ಯಾಲಯದ ನರವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಮಿದುಳಿನ ಚಿತ್ರಣ, ನಿದ್ದೆ, ನೆನಪು, ಪಾರ್ಶ್ವವಾಯುವಿನ ನಂತರದ ಚೇತರಿಕೆ, ನರಕೋಶಗಳ ಜೀವಶಾಸ್ತ್ರ ಹೀಗೆ ಹಲವು ತಂಡಗಳು ನಮ್ಮಲ್ಲಿವೆ. ಈ ಸಂಶೋಧನೆಯನ್ನು ರೋಗಿಗಳ ಸಂಘಗಳು, ಶಾಲೆಗಳು ಮತ್ತು ಕಂಪನಿಗಳ ಜೊತೆ ಜೋಡಿಸುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಜಾಲತಾಣ ಮಾಡಿದೆವು, ಕೈಪಿಡಿ ಅಚ್ಚು ಹಾಕಿಸಿದೆವು, ಪ್ರಯೋಗಾಲಯ ನೋಡಲು ಜನರನ್ನು ಕರೆದೆವು. ಬಂದವರು ಮೆಚ್ಚಿ ಮಾತಾಡಿದರು, ಕಂಪನಿಯವರು ವಿಸಿಟಿಂಗ್ ಕಾರ್ಡ್ ಕೊಟ್ಟು ಹೋದರು. ಮುಂದೆ ಏನೂ ಆಗಲಿಲ್ಲ. ಎಲ್ಲಿ ಎಡವುತ್ತಿದ್ದೇವೆ? ಎಲ್ಲಿಂದ ಶುರುಮಾಡಬೇಕು?

ಉತ್ತರ: ನೀವು ಹೇಳಿದ ಮೂರು ಕೆಲಸಗಳಲ್ಲೂ ಮಾತಾಡಿದವರು ನೀವೇ. ಜಾಲತಾಣದಲ್ಲಿ ನಿಮ್ಮ ಮಾತಿದೆ, ಕೈಪಿಡಿಯಲ್ಲಿ ನಿಮ್ಮ ಮಾತಿದೆ, ಜನ ನೋಡಲು ಬಂದ ದಿನವೂ ಅವರು ಕೇಳಿಸಿಕೊಂಡರು, ನೀವು ವಿವರಿಸಿದಿರಿ. ಹೊರಗಿನವರ ಬಾಯಿಂದ ಬಂದ ಒಂದಾದರೂ ಪ್ರಶ್ನೆ ನಿಮ್ಮ ಯಾವುದಾದರೂ ತಂಡದ ಕೆಲಸವನ್ನು ಸ್ವಲ್ಪವಾದರೂ ಬದಲಿಸಿದೆಯೇ? ಇಲ್ಲವೆಂದಾದರೆ ಈವರೆಗೆ ನಡೆದಿರುವುದು ಪ್ರಚಾರ. ಪ್ರಚಾರ ಕೆಟ್ಟದ್ದೇನಲ್ಲ. ಡಾನಾ ಪ್ರತಿಷ್ಠಾನ 1996ರಲ್ಲಿ ಆರಂಭಿಸಿದ ಮಿದುಳು ಜಾಗೃತಿ ಸಪ್ತಾಹ ಇಂದಿಗೂ ಪ್ರತಿ ಮಾರ್ಚ್‌ನಲ್ಲಿ ಹಲವು ದೇಶಗಳಲ್ಲಿ ನಡೆಯುತ್ತದೆ, ಎಷ್ಟೋ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತುವುದು ಅಂಥಲ್ಲೇ. ಆದರೆ ನಿಮಗೆ ಒಪ್ಪಿಸಿರುವುದು ಅದಲ್ಲ. ನನ್ನ ಮಟ್ಟಿಗೆ ನಿಮ್ಮ ಕೆಲಸದ ಮುಕ್ಕಾಲು ಪಾಲು ಹೊರಗಿನ ಪ್ರಶ್ನೆಯನ್ನು ಒಳಗೆ ತರುವುದು, ಅದೂ ಪ್ರಯೋಗದ ವಿನ್ಯಾಸ ಮುಗಿಯುವ ಮೊದಲೇ. ಫಲಿತಾಂಶ ಕೈಗೆ ಬಂದ ಮೇಲೆ ಅದಕ್ಕೊಬ್ಬ ಬಳಕೆದಾರನನ್ನು ಹುಡುಕಲು ಹೊರಟರೆ ಹೆಚ್ಚಿನ ಸಲ ಸಿಗುವುದು ವಿಸಿಟಿಂಗ್ ಕಾರ್ಡ್ ಮಾತ್ರ.

ಬೆನ್ನುಹುರಿಯ ಸಂಶೋಧನೆಯನ್ನು ನೋಡಿ. ಪೆಟ್ಟು ಬಿದ್ದವರನ್ನು ಮತ್ತೆ ಎಬ್ಬಿಸಿ ನಡೆಸಬೇಕೆಂಬುದೇ ಆ ಕ್ಷೇತ್ರದ ದೊಡ್ಡ ಕನಸು, ಪತ್ರಿಕೆಗಳ ಮುಖಪುಟಕ್ಕೆ ಬರುವುದೂ ಅದೇ. ಕಿಮ್ ಆಂಡರ್ಸನ್ ಎಂಬ ನರವಿಜ್ಞಾನಿ, ತಾವೇ ಬೆನ್ನುಹುರಿಯ ಪೆಟ್ಟಿನೊಂದಿಗೆ ಬದುಕುತ್ತಿರುವವರು, ಮರಳಿ ಬರುವುದಾದರೆ ನಿಮಗೆ ಮೊದಲು ಏನು ಬರಬೇಕು ಎಂದು 681 ಜನರನ್ನು ಕೇಳಿ, ಉತ್ತರಗಳನ್ನು 2004ರಲ್ಲಿ ಪ್ರಕಟಿಸಿದರು. ಕೈಕಾಲು ನಾಲ್ಕರ ಸ್ವಾಧೀನವನ್ನೂ ಕಳೆದುಕೊಂಡವರು ಎಲ್ಲಕ್ಕಿಂತ ಹೆಚ್ಚಾಗಿ ಬಯಸಿದ್ದು ತೋಳು ಮತ್ತು ಕೈಗಳ ಶಕ್ತಿ. ಕಾಲುಗಳ ಸ್ವಾಧೀನ ಮಾತ್ರ ತಪ್ಪಿದವರು ಮೊದಲಿಗೆ ಹೇಳಿದ್ದು ಲೈಂಗಿಕ ಸಾಮರ್ಥ್ಯ. ಮಲಮೂತ್ರಗಳ ಹತೋಟಿ ಎರಡೂ ಗುಂಪಿನವರಿಗೆ ಬಹಳ ಮುಖ್ಯವಾಗಿತ್ತು. ನಡಿಗೆ ಬೇಡವೆಂದು ಅವರು ಹೇಳಲಿಲ್ಲ, ಅದು ಮೊದಲ ಸ್ಥಾನದಲ್ಲಿ ಇರಲಿಲ್ಲ ಅಷ್ಟೇ. ಯೋಚಿಸಿದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಓಡಾಟಕ್ಕೆ ಗಾಲಿಕುರ್ಚಿ ಇದೆ; ಲೋಟ ಹಿಡಿಯಲಾರದ ಕೈಗೆ, ದಿನಕ್ಕೆ ಹಲವು ಬಾರಿ ನಳಿಕೆ ಬೇಡುವ ಮೂತ್ರಕೋಶಕ್ಕೆ ಅದರಿಂದ ಏನು ಉಪಯೋಗ? ಇಲಿಯ ಮೇಲೆ ಎಷ್ಟು ಪ್ರಯೋಗ ಮಾಡಿದರೂ ಈ ಆದ್ಯತೆ ತಿಳಿಯುವುದಿಲ್ಲ.

ಬ್ರಿಟನ್ನಿನಲ್ಲಿ 2004ರಲ್ಲಿ ಹುಟ್ಟಿದ ಜೇಮ್ಸ್ ಲಿಂಡ್ ಅಲಯನ್ಸ್ ಇದೇ ಕೆಲಸವನ್ನು ಒಂದು ಪದ್ಧತಿಯಾಗಿ ರೂಢಿಗೆ ತಂದಿದೆ. ಒಂದು ಕಾಯಿಲೆಯ ರೋಗಿಗಳು, ಮನೆಯಲ್ಲಿ ಆರೈಕೆ ಮಾಡುವವರು, ಚಿಕಿತ್ಸಕರು ಒಟ್ಟಿಗೆ ಕುಳಿತು ಉತ್ತರ ಸಿಗದಿರುವ ಪ್ರಶ್ನೆಗಳಲ್ಲಿ ಮೊದಲ ಹತ್ತನ್ನು ಆರಿಸುತ್ತಾರೆ. ರೋಗಿಗಳನ್ನೇ ನೋಡದ ಸಂಶೋಧಕರಿಗೆ ಆ ಆಯ್ಕೆಯಲ್ಲಿ ಮತವಿಲ್ಲ, ಔಷಧ ಕಂಪನಿಗಳಿಗೂ ಇಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಇಂಥ ಪಟ್ಟಿ 2014ರಲ್ಲಿ ಪ್ರಕಟವಾಯಿತು. ಪಾರ್ಕಿನ್ಸನ್ ಎಂದರೆ ನಮಗೆ ನೆನಪಾಗುವುದು ನಡುಗುವ ಕೈ. ಪಟ್ಟಿಯ ತಲೆಯಲ್ಲಿದ್ದದ್ದು ಮಾತ್ರ ಸಮತೋಲ ತಪ್ಪುವುದು, ಬೀಳುವುದು. ನಿಮ್ಮ ಕೇಂದ್ರದ ವಿಷಯಗಳಿಗೆ ಹತ್ತಿರವಾದ ಇಂಥ ಪಟ್ಟಿಗಳು ಸಿದ್ಧವಾಗಿಯೇ ಇರಬಹುದು. ಹೊಸ ಸಮೀಕ್ಷೆಗೆ ಕೈಹಾಕುವ ಮೊದಲು ಅವನ್ನು ತಂದು ತಂಡದ ಮುಖ್ಯಸ್ಥರ ಮೇಜಿನ ಮೇಲಿಡಿ. ನಿಮ್ಮ ಈಗಿನ ಯೋಜನೆಗಳಲ್ಲಿ ಯಾವುದು ಇಲ್ಲಿರುವ ಯಾವ ಪ್ರಶ್ನೆಯನ್ನು ಮುಟ್ಟುತ್ತದೆ ಎಂದು ಕೇಳಿ. ಒಂದಿಷ್ಟು ಮುಜುಗರದ ಮೌನ ಉಂಟಾದೀತು, ಆಗಲಿ.

ಸಾರ್ವಜನಿಕ ಉಪನ್ಯಾಸಗಳನ್ನು ನಿಲ್ಲಿಸಬೇಡಿ. ಆದರೆ ಅವುಗಳ ನಿಜವಾದ ಬೆಲೆ ಇರುವುದು ಕೊನೆಯ ಹದಿನೈದು ನಿಮಿಷಗಳಲ್ಲಿ. 2012ರಲ್ಲಿ ಎಡಿನ್‌ಬರೋದಲ್ಲಿ ಟಿಲೋ ಕುನಾತ್ ಎಂಬ ವಿಜ್ಞಾನಿ ಪಾರ್ಕಿನ್ಸನ್ ಬಗ್ಗೆ ಮಾತಾಡಿದ ಮೇಲೆ ಸಭೆಯಲ್ಲಿದ್ದ ಜಾಯ್ ಮಿಲ್ನ್ ಎಂಬ ನಿವೃತ್ತ ದಾದಿ ಎದ್ದು ನಿಂತು, ಪಾರ್ಕಿನ್ಸನ್ ಇರುವವರ ಮೈವಾಸನೆ ಬೇರೆಯಾಗಿರುತ್ತದಲ್ಲ, ಅದನ್ನೇಕೆ ನೀವು ಬಳಸಿಕೊಳ್ಳುವುದಿಲ್ಲ ಎಂದು ಕೇಳಿದರು. ಕಾಯಿಲೆ ಪತ್ತೆಯಾಗುವುದಕ್ಕೆ ವರ್ಷಗಳ ಮೊದಲೇ ಅವರ ಗಂಡನ ಮೈವಾಸನೆ ಬದಲಾಗಿತ್ತು. ವೇದಿಕೆಯ ಮೇಲಿದ್ದವರ ಬಳಿ ಉತ್ತರವಿರಲಿಲ್ಲ, ಮಾತು ಅಲ್ಲಿಗೇ ನಿಂತಿತು. ಆಮೇಲೆ ಸಹೋದ್ಯೋಗಿಯೊಬ್ಬರ ಒತ್ತಾಯದ ಮೇಲೆ ಕುನಾತ್ ಆಕೆಯನ್ನು ಹುಡುಕಿಸಿ ಕರೆಸಿದರು. ರೋಗಿಗಳು ತೊಟ್ಟ ಆರು, ಆರೋಗ್ಯವಂತರು ತೊಟ್ಟ ಆರು ಟೀ ಶರ್ಟ್‌ಗಳನ್ನು ಮೂಸಲು ಕೊಟ್ಟರು. ಆರೂ ರೋಗಿಗಳನ್ನು ಅವರು ಸರಿಯಾಗಿ ಗುರುತಿಸಿದರು. ಜೊತೆಗೆ ಆರೋಗ್ಯವಂತರ ಗುಂಪಿನ ಒಂದು ಅಂಗಿಯಲ್ಲೂ ಅದೇ ವಾಸನೆ ಇದೆಯೆಂದು ಹಟ ಹಿಡಿದರು. ಆ ಅಂಗಿ ತೊಟ್ಟಿದ್ದ ವ್ಯಕ್ತಿಗೆ ತಿಂಗಳುಗಳ ನಂತರ ಪಾರ್ಕಿನ್ಸನ್ ಇರುವುದು ಪತ್ತೆಯಾಯಿತು. ವಾಸನೆ ಕಂಕುಳಿನ ಬೆವರಿನದಲ್ಲ, ಕುತ್ತಿಗೆಯ ಹಿಂಭಾಗ ಮತ್ತು ಮೇಲ್ಬೆನ್ನಿನಲ್ಲಿ ಜಿನುಗುವ ಚರ್ಮದ ಎಣ್ಣೆಯದು ಎಂದು ತೋರಿಸಿದ್ದೂ ಅವರ ಮೂಗೇ. ಮ್ಯಾಂಚೆಸ್ಟರ್‌ನ ಪರ್ಡಿಟಾ ಬ್ಯಾರನ್ ಅವರ ರಸಾಯನಶಾಸ್ತ್ರ ತಂಡ ಆ ಎಣ್ಣೆಯಲ್ಲಿ ಹೆಚ್ಚು ಕಡಿಮೆಯಾಗುವ ಸಂಯುಕ್ತಗಳನ್ನು 2019ರಲ್ಲಿ ಪ್ರಕಟಿಸಿತು.

ಆ ಸಹೋದ್ಯೋಗಿ ಅಷ್ಟು ಒತ್ತಾಯಿಸದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ. ನಿಮ್ಮ ಉಪನ್ಯಾಸದ ದಿನ ಪ್ರಶ್ನೆಗಳನ್ನು ಬರೆದುಕೊಳ್ಳುವುದಕ್ಕೆಂದೇ ಒಬ್ಬರನ್ನು ಕೂರಿಸಿ. ಕೇಳಿದವರ ಒಪ್ಪಿಗೆ ಪಡೆದು ಫೋನ್ ಸಂಖ್ಯೆ ಬರೆದುಕೊಳ್ಳಲಿ. ಎರಡು ವಾರದೊಳಗೆ ಪ್ರತಿಯೊಬ್ಬರಿಗೂ ಉತ್ತರ ಹೋಗಲಿ, ಗೊತ್ತಿಲ್ಲ ಎಂಬ ಉತ್ತರವಾದರೂ ಸರಿ.

ಇನ್ನು ಸಂಘಗಳ ಜೊತೆಗಿನ ಮೊದಲ ಸಭೆ. ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲವೂ ಕೆಡುವುದು ಇಲ್ಲೇ. ಪಾರ್ಕಿನ್ಸನ್ ಇರುವವರ ದಿನವನ್ನು ಮಾತ್ರೆಯ ಹೊತ್ತು ಆಳುತ್ತದೆ. ಮದ್ದಿನ ಪ್ರಭಾವ ಇರುವ ಹೊತ್ತಿನಲ್ಲಿ ಚೆನ್ನಾಗಿ ನಡೆದಾಡುವವರೇ ಅದು ಇಳಿದಾಗ ಕುರ್ಚಿಯಿಂದ ಏಳಲಾರರು. ಸಭೆಯ ಸಮಯ ಗೊತ್ತುಮಾಡುವ ಮೊದಲು ಅವರನ್ನು ಕೇಳಿ. ಪಾರ್ಶ್ವವಾಯುವಿನಿಂದ ಮಾತು ತೊದಲುವವರಿದ್ದರೆ ಒಬ್ಬೊಬ್ಬರಿಗೂ ಸಾಕಷ್ಟು ಹೊತ್ತು ಬಿಡಿ, ಅವರ ವಾಕ್ಯವನ್ನು ನೀವು ಪೂರ್ತಿ ಮಾಡಲು ಹೋಗಬೇಡಿ. ಬೆಳಕು ಮಿನುಗಿದರೆ ಸೆಳವು ಬರುವವರು ಅಪಸ್ಮಾರ ಇರುವವರಲ್ಲಿ ಕೆಲವರಾದರೂ ಇರುತ್ತಾರೆ. ಮಿನುಗುವ ಟ್ಯೂಬ್‌ಲೈಟ್ ಇರುವ ಕೊಠಡಿ ಬೇಡ, ಹೊಳೆದು ಮರೆಯಾಗುವ ವಿಡಿಯೊ ಬೇಡ. ಪ್ರೊಫೆಸರರಿಗೆ ಮೊದಲ ಗಂಟೆ ಮಾತಾಡುವ ಅವಕಾಶ ಕೊಡಬೇಡಿ. ಅವರಿಗೆ ಇದು ಕಷ್ಟವಾಗುತ್ತದೆ, ನನಗೆ ಗೊತ್ತು. ಸ್ಲೈಡ್ ತರಬೇಡಿ ಎಂದು ಮೊದಲೇ ಹೇಳಿಬಿಡಿ. ನಿನ್ನೆಯ ದಿನದಲ್ಲಿ ನಿಮಗೆ ಅತಿ ಕಷ್ಟವಾದ ಕೆಲಸ ಯಾವುದು ಎಂದು ಬಂದವರನ್ನು ಕೇಳಿ. ‘ನಿಮ್ಮ ಸಂಶೋಧನಾ ಆದ್ಯತೆಗಳೇನು’ ಎಂದು ಕೇಳಿದರೆ ಎಲ್ಲರೂ ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳುತ್ತಾರೆ. ನಿನ್ನೆಯ ಬಗ್ಗೆ ಕೇಳಿದರೆ ಅಂಗಿಯ ಗುಂಡಿ, ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಬ್ಯಾಂಕಿನಲ್ಲಿ ಸಹಿ ಹೊಂದದಿರುವುದು ಹೊರಗೆ ಬರುತ್ತವೆ.

ಬಂದವರ ಸಮಯಕ್ಕೆ ಹಣ ಕೊಡಿ, ಪ್ರಯಾಣದ ಖರ್ಚನ್ನು ಅದೇ ದಿನ ಕೊಡಿ. ಸಲಹೆಗಾರರಿಗೆ ಕೊಡುತ್ತೀರಲ್ಲ, ಇವರೂ ಸಲಹೆಗಾರರೇ. ಪ್ರಯೋಗದಲ್ಲಿ ಭಾಗವಹಿಸುವವರ ವಿಚಾರದಲ್ಲಿ ಇನ್ನೂ ಸಣ್ಣ ಸಂಗತಿಗಳಿವೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಇಜಿ ಟೊಪ್ಪಿಗೆಯೊಳಗೆ ಹಚ್ಚುವ ಜೆಲ್ ಕೂದಲಿಗೆ ಮೆತ್ತಿಕೊಂಡಿರುತ್ತದೆ. ತಲೆ ತೊಳೆದುಕೊಳ್ಳಲು ಬೆಚ್ಚಗಿನ ನೀರು, ಟವೆಲ್, ಒಣಗಿಸುವ ಯಂತ್ರ ಇಲ್ಲದ ಪ್ರಯೋಗಾಲಯಕ್ಕೆ ಎರಡನೆಯ ಸಲ ಬರಲು ಯಾರಿಗೆ ಮನಸ್ಸಾಗುತ್ತದೆ? ದಟ್ಟ ಗುಂಗುರು ಕೂದಲಿನವರಲ್ಲಿ ಎಲೆಕ್ಟ್ರೋಡ್ ನೆತ್ತಿಯ ಚರ್ಮಕ್ಕೆ ತಾಗುವುದೇ ಕಷ್ಟ. ಹಾಗಾಗಿ ಅಂಥವರನ್ನು ಸದ್ದಿಲ್ಲದೆ ಪಟ್ಟಿಯಿಂದ ಕೈಬಿಡುವುದುಂಟು, ಕೊನೆಗೆ ‘ಮನುಷ್ಯರ ಮಿದುಳು’ ಎಂದು ಪ್ರಕಟವಾಗುವುದು ಕೆಲವೇ ಬಗೆಯ ಕೂದಲಿನವರ ಮಿದುಳು. ಎಂಆರ್‌ಐ ಮಾಡುವುದಾದರೆ ಮತ್ತೊಂದು ಮಾತು. ತಮಗೇನೂ ಆಗಿಲ್ಲವೆಂದು ನಂಬಿ ಬಂದ ಸ್ವಯಂಸೇವಕರಲ್ಲೂ ನೂರಕ್ಕೆ ಎರಡು ಮೂರು ಮಂದಿಯ ಚಿತ್ರದಲ್ಲಿ ಯಾರೂ ಹುಡುಕದಿದ್ದ ಗೆಡ್ಡೆಯೋ ರಕ್ತನಾಳದ ಉಬ್ಬೋ ಕಾಣಿಸಿಕೊಳ್ಳುತ್ತದೆ. ಕಂಡರೆ ಯಾರು ಹೇಳಬೇಕು, ಯಾವ ವೈದ್ಯರ ಬಳಿ ಕಳಿಸಬೇಕು ಎಂಬುದು ಮೊದಲ ಸ್ವಯಂಸೇವಕ ಮೇಜಿನ ಮೇಲೆ ಮಲಗುವ ಮುನ್ನವೇ ಬರಹದಲ್ಲಿ ತೀರ್ಮಾನವಾಗಿರಬೇಕು. ತಲೆಯ ಎಂಆರ್‌ಐಯಿಂದ ಮುಖದ ಆಕಾರವನ್ನು ಮತ್ತೆ ಕಟ್ಟಬಹುದಾದ್ದರಿಂದ, ಹೆಸರು ತೆಗೆದ ಮಾತ್ರಕ್ಕೆ ದತ್ತಾಂಶ ಅನಾಮಧೇಯವಾಗುವುದಿಲ್ಲ. ಹಂಚಿಕೊಳ್ಳುವ ಮೊದಲು ಮುಖದ ಭಾಗವನ್ನು ಅಳಿಸಬೇಕು.

ಜನ ದತ್ತಾಂಶ ಕೊಟ್ಟು ಹೋಗುವವರು ಮಾತ್ರ ಎಂದು ತಿಳಿದರೆ ಅವರ ಶಕ್ತಿ ನಿಮಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. 2008ರಲ್ಲಿ ಇಟಲಿಯ ಒಂದು ಸಣ್ಣ ಅಧ್ಯಯನ, ಲಿಥಿಯಂ ಮಾತ್ರೆ, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತ ಹೋಗುವ ಎಎಲ್‌ಎಸ್ ಕಾಯಿಲೆಯ ಓಟವನ್ನು ನಿಧಾನಿಸುತ್ತದೆ ಎಂದಿತು. ಆ ಕಾಯಿಲೆಯವರಿಗೆ ಕಾಯಲು ಸಮಯವಿಲ್ಲ. ಪೇಷೆಂಟ್ಸ್‌ಲೈಕ್‌ಮಿ ಎಂಬ, ರೋಗಿಗಳು ಅನುಭವ ಹಂಚಿಕೊಳ್ಳುವ ಜಾಲತಾಣದ ಸದಸ್ಯರಲ್ಲಿ ಹಲವರು ತಮ್ಮ ವೈದ್ಯರಿಂದ ಮಾತ್ರೆ ಬರೆಸಿಕೊಂಡು, ತಮ್ಮ ಸ್ಥಿತಿಯನ್ನು ತಾವೇ ದಾಖಲಿಸುತ್ತ ಹೋದರು. ಮಾತ್ರೆ ತೆಗೆದುಕೊಂಡ 149 ಜನರನ್ನು, ಕಾಯಿಲೆಯ ಗತಿಯಲ್ಲಿ ಅವರನ್ನೇ ಹೋಲುವ 447 ಜನರ ಜೊತೆ ಹೋಲಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು: ಉಪಯೋಗವಿಲ್ಲ. ಆಮೇಲೆ ನಡೆದ ವಿಧಿವತ್ತಾದ ಪ್ರಯೋಗಗಳೂ ಅದನ್ನೇ ಹೇಳಿದವು. ಇಂಥವರನ್ನು ‘ಜಾಗೃತಿ ಮೂಡಿಸಬೇಕಾದ ಜನ’ ಎಂದು ಕರೆಯಲು ನನಗೆ ನಾಚಿಕೆಯಾಗುತ್ತದೆ.

ಹಾಗೆಂದು ಸಮುದಾಯ ಒಂದೇ ದನಿಯಲ್ಲಿ ಮಾತಾಡುತ್ತದೆ ಎಂದುಕೊಳ್ಳಬೇಡಿ. ವಿಶ್ವವಿದ್ಯಾಲಯದ ನರವಿಜ್ಞಾನ ಕೈಗಾರಿಕೆಯನ್ನು ಕೂಡಿ ಗೆದ್ದ ಕಥೆಗಳಲ್ಲಿ ಕಿವುಡರಿಗೆ ಶಬ್ದ ಕೇಳಿಸಲು ಒಳಗಿವಿಯಲ್ಲಿ ಇಡುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ್ದು ದೊಡ್ಡದು. ಮೆಲ್ಬರ್ನ್ ವಿಶ್ವವಿದ್ಯಾಲಯದ ಗ್ರೇಮ್ ಕ್ಲಾರ್ಕ್ 1978ರಲ್ಲಿ ಬಹುವಾಹಿನಿ ಸಾಧನವನ್ನು ಮೊದಲ ರೋಗಿಗೆ ಅಳವಡಿಸಿದರು, ಕಂಪನಿಯೊಂದು ಕೈಜೋಡಿಸಿತು, 1985ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ವಯಸ್ಕರಿಗೆ ಅನುಮತಿ ಕೊಟ್ಟಿತು. 1990ರಲ್ಲಿ ಮಕ್ಕಳಿಗೂ ಅನುಮತಿ ಸಿಕ್ಕಾಗ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಮರುವರ್ಷವೇ ಅದನ್ನು ಖಂಡಿಸಿತು. ಸನ್ನೆಭಾಷೆಯಲ್ಲಿ ತುಂಬು ಬಾಳು ಬಾಳುತ್ತಿದ್ದವರಿಗೆ, ತಮ್ಮ ಬದುಕನ್ನೇ ರಿಪೇರಿ ಮಾಡಬೇಕಾದ ದೋಷವೆಂದು ಎಣಿಸಿದ್ದು ನೋವಾಗಿತ್ತು. 2000ದಲ್ಲಿ ಸಂಘದ ನಿಲುವು ಸಾಕಷ್ಟು ಮೆತ್ತಗಾಯಿತು. ಸಾಧನ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಎಂಜಿನಿಯರರು ಉತ್ತರ ಕೊಟ್ಟಿದ್ದರು. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾರ ತೀರ್ಮಾನದ ಮೇಲೆ ಎಂಬುದನ್ನು ಕಿವುಡರ ಜೊತೆ ಕುಳಿತು ಮಾತಾಡುವುದು ಮಾತ್ರ ಬಾಕಿ ಉಳಿದಿತ್ತು. ನಿಮ್ಮ ಸಲಹಾ ಮಂಡಳಿಯಲ್ಲಿ ಒಪ್ಪುವವರ ಜೊತೆ ಒಪ್ಪದವರೂ ಇರಲಿ.

ಈಗ ಕಂಪನಿಗಳು. ಇಲ್ಲಿ ನಿಮ್ಮ ಪಾತ್ರ ದುಭಾಷಿಯದು. ಸಾರಿಗೆ ಉಪಕರಣ ತಯಾರಿಸುವ ಕಂಪನಿಯವರು ಬಂದು, ಚಾಲಕನಿಗೆ ತೂಕಡಿಕೆ ಬಂದರೆ ಇಇಜಿಯಿಂದ ಹೇಳಬಹುದೇ ಎಂದು ಕೇಳಿದರು ಎನ್ನಿ. ಸಂಶೋಧಕರು ಸಂತೋಷದಿಂದ ಹೇಳಬಹುದು ಎನ್ನುತ್ತಾರೆ, ಅದು ನಿಜವೂ ಹೌದು. ಆಗ ನೀವು ಮಧ್ಯೆ ಬಾಯಿಹಾಕಬೇಕು: ಉತ್ತರ ಸಿಕ್ಕರೆ ನೀವು ಏನು ಮಾಡುತ್ತೀರಿ? ಎಚ್ಚರಿಕೆಯ ಗಂಟೆ ಬಾರಿಸುತ್ತೀರಾ, ಗಾಡಿ ನಿಲ್ಲಿಸುತ್ತೀರಾ, ಮಾಲೀಕರಿಗೆ ವರದಿ ಕಳಿಸುತ್ತೀರಾ? ಮೂರಕ್ಕೂ ಬೇಕಾದ ನಿಖರತೆ ಬೇರೆ ಬೇರೆ. ಕಾಗದ ತೆಗೆದು ಅಲ್ಲೇ ಲೆಕ್ಕ ಹಾಕಿ. ಸಾವಿರ ನಿಮಿಷದ ಚಾಲನೆಯಲ್ಲಿ ನಿಜವಾಗಿ ತೂಕಡಿಸಿದ್ದು 10 ನಿಮಿಷ ಎಂದುಕೊಳ್ಳಿ. ಯಂತ್ರ ಅವುಗಳಲ್ಲಿ 9ನ್ನು ಹಿಡಿಯುತ್ತದೆ, ಎಚ್ಚರವಾಗಿದ್ದ 990 ನಿಮಿಷಗಳಲ್ಲಿ ನೂರಕ್ಕೆ 5ರಂತೆ ತಪ್ಪು ಗಂಟೆ ಬಾರಿಸುತ್ತದೆ. ಒಟ್ಟು ನಿಖರತೆ ಸುಮಾರು ಶೇಕಡ 95, ಜಾಹೀರಾತಿನಲ್ಲಿ ಚೆಂದ ಕಾಣುವ ಸಂಖ್ಯೆ. ಆದರೆ ಚಾಲಕನ ಕಿವಿಗೆ ಬಿದ್ದ ಸುಮಾರು 59 ಎಚ್ಚರಿಕೆಗಳಲ್ಲಿ 50 ಸುಳ್ಳು. ಮೊದಲ ವಾರದಲ್ಲೇ ಆತ ತಂತಿ ಕಿತ್ತು ಹಾಕುತ್ತಾನೆ. ಅಂದ ಹಾಗೆ ಗಂಟೆಯನ್ನೇ ಬಾರಿಸದ ಯಂತ್ರದ ನಿಖರತೆ ಶೇಕಡ 99. ಈ ಲೆಕ್ಕವನ್ನು ಮೊದಲ ಭೇಟಿಯಲ್ಲೇ ತೋರಿಸಿದರೆ ಕೆಲವು ಕಂಪನಿಗಳು ಎದ್ದು ಹೋಗುತ್ತವೆ. ಕುಳಿತು ಮುಂದಿನ ಪ್ರಶ್ನೆ ಕೇಳುವವರ ಜೊತೆ ಕೆಲಸ ಮಾಡಿ. ಪಾಳಿಯ ವೇಳಾಪಟ್ಟಿಯನ್ನು ಬದಲಿಸಿದರೆ ತೂಕಡಿಕೆಯೇ ಕಡಿಮೆಯಾಗುವುದಿಲ್ಲವೇ ಎಂದು ನಿದ್ದೆಯ ತಂಡದವರು ಅವರಿಗೆ ಹೇಳಲಿ. ಅಲ್ಲಿ ಟೊಪ್ಪಿಗೆಯೂ ಬೇಕಿಲ್ಲ, ಮಾರಲು ವಸ್ತುವೂ ಇಲ್ಲ. ಆದರೂ ಎಷ್ಟೋ ಸಲ ಅದೇ ಸರಿಯಾದ ಉತ್ತರ.

ಕೆಲವರಿಗೆ ಬೇಕಿರುವುದು ಸಂಶೋಧನೆಯಲ್ಲ, ‘ನ್ಯೂರೋ’ ಎಂಬ ಅಲಂಕಾರ. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ ಮೋಟ್ಸಾರ್ಟ್ ಸಂಗೀತ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವಂಥ ಲೆಕ್ಕಗಳಲ್ಲಿ ಅಲ್ಪ ಸುಧಾರಣೆ ಕಂಡಿತು, ಅದೂ ಹತ್ತು ಹದಿನೈದು ನಿಮಿಷದ ಮಟ್ಟಿಗೆ. ಕೂಸುಗಳ ಮೇಲೆ ಅಲ್ಲಿ ಯಾರೂ ಪ್ರಯೋಗ ಮಾಡಿರಲಿಲ್ಲ. ಐದೇ ವರ್ಷದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಪ್ರತಿ ನವಜಾತ ಶಿಶುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು 1,05,000 ಡಾಲರ್ ಕೇಳಿದರು. ಲ್ಯೂಮಾಸಿಟಿ ಎಂಬ ಮಿದುಳು ಕಸರತ್ತಿನ ಆಟಗಳ ಕಂಪನಿ, ಸಾಕ್ಷ್ಯವಿಲ್ಲದ ಹೇಳಿಕೆಗಳಿಗಾಗಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ನಿಮ್ಮ ಕೇಂದ್ರದ ಲಾಂಛನ ಯಾರ ಪೆಟ್ಟಿಗೆಯ ಮೇಲೂ ಬೀಳದಂತೆ ಒಪ್ಪಂದದಲ್ಲೇ ಬರೆಸಿ. ಶಾಲೆಗಳಿಂದ ಬರುವ ಬೇಡಿಕೆಗಳಲ್ಲೂ ಇದೇ ಎಚ್ಚರ ಇರಲಿ. ಎಡಮಿದುಳಿನ ಮಗು, ಬಲಮಿದುಳಿನ ಮಗು ಎಂಬ ವಿಂಗಡಣೆಗೆ ತರಬೇತಿ ಕೊಡಿ ಎಂದು ಕೇಳಿದರೆ ಅಂಥದೊಂದು ಇಲ್ಲವೆಂದು ಹೇಳಿ ಕಳಿಸುವುದೂ ಸೇವೆಯೇ.

ಕೆಲಸಗಾರರ ಮಿದುಳಿನ ದತ್ತಾಂಶ ಮಾಲೀಕನ ಕೈಗೆ ಹೋಗುವ ಯೋಜನೆಗಳನ್ನು ನಾನು ಒಪ್ಪುವುದಿಲ್ಲ. ಸಂಬಳ ಕೊಡುವವನು ಕೇಳಿದಾಗ ಕೊಡುವ ಒಪ್ಪಿಗೆ ಎಂಥ ಒಪ್ಪಿಗೆ? ಕಾನೂನುಗಳೂ ಅತ್ತ ತಿರುಗುತ್ತಿವೆ. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾನೂನು, ಕೆಲಸದ ಸ್ಥಳ ಮತ್ತು ಶಾಲೆಗಳಲ್ಲಿ ದೇಹದ ಸಂಕೇತಗಳಿಂದ ಭಾವನೆಗಳನ್ನು ಅಳೆಯುವ ವ್ಯವಸ್ಥೆಗಳನ್ನು 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ.

ಒಪ್ಪಂದದ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಉಳಿದದ್ದನ್ನು ವಕೀಲರು ನೋಡಿಕೊಳ್ಳುತ್ತಾರೆ. ಫಲಿತಾಂಶ ಕಂಪನಿಗೆ ಹಿಡಿಸದಿದ್ದರೂ ಪ್ರಕಟಿಸುವ ಹಕ್ಕು ನಿಮ್ಮಲ್ಲೇ ಉಳಿಯಬೇಕು. ಪೇಟೆಂಟ್ ಅರ್ಜಿಗಾಗಿ ಪ್ರಕಟಣೆಯನ್ನು ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು ತಡೆಹಿಡಿಯುವುದು ವಾಡಿಕೆ, ಅದಕ್ಕಿಂತ ಹೆಚ್ಚು ಒಪ್ಪಬೇಡಿ. ವಿದ್ಯಾರ್ಥಿಯ ಪಿಎಚ್‌ಡಿ ಅದರ ಮೇಲೆ ನಿಂತಿರುತ್ತದೆ. ಅರ್ಜಿಗೆ ಮೊದಲೇ ಸಮ್ಮೇಳನದಲ್ಲಿ ಪೋಸ್ಟರ್ ತೂಗುಹಾಕಿದರೆ ಅಮೆರಿಕದಲ್ಲಿ ಒಂದು ವರ್ಷದ ಅವಕಾಶವಿದೆ, ಯುರೋಪಿನಲ್ಲಿ ಹಕ್ಕು ಬಹುತೇಕ ಅಲ್ಲಿಗೇ ಮುಗಿದಂತೆ. ಈ ವಿಷಯವನ್ನು ಯುವ ಸಂಶೋಧಕರಿಗೆ ಪ್ರತಿ ವರ್ಷವೂ ಹೇಳುತ್ತಲೇ ಇರಬೇಕಾಗುತ್ತದೆ.

ದೇಹದೊಳಗೆ ಇಡುವ ಸಾಧನಗಳ ಯೋಜನೆಯಿದ್ದರೆ ಮಾತ್ರ ಈ ಚುಟುಕುತನ ಸಲ್ಲದು. ಆರ್ಗಸ್ 2 ಎಂಬ ಕೃತಕ ಅಕ್ಷಿಪಟಲ ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಬೆಳೆದು ಸೆಕೆಂಡ್ ಸೈಟ್ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. 60 ಎಲೆಕ್ಟ್ರೋಡ್‌ಗಳು ಕುರುಡರಿಗೆ ಬೆಳಕಿನ ಚುಕ್ಕೆಗಳನ್ನು ತೋರಿಸುತ್ತಿದ್ದವು, 2013ರಲ್ಲಿ ಎಫ್‌ಡಿಎ ಅನುಮತಿಯೂ ಸಿಕ್ಕಿತು, ಜಗತ್ತಿನಲ್ಲಿ ಸುಮಾರು 350 ಜನ ಅಳವಡಿಸಿಕೊಂಡರು. 2019ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು, ಮರುವರ್ಷ ದಿವಾಳಿಯ ಅಂಚಿಗೆ ಬಂತು. ಬಿಡಿಭಾಗ ಸಿಗದ, ದುರಸ್ತಿ ಮಾಡುವವರಿಲ್ಲದ ಯಂತ್ರ ಕಣ್ಣಿನಲ್ಲೇ ಉಳಿಯಿತು. ಅಪಸ್ಮಾರದ ಸೆಳವನ್ನು ಮುಂಚೆಯೇ ಸೂಚಿಸುವ ನ್ಯೂರೋವಿಸ್ಟಾ ಸಾಧನವನ್ನು ಮೆಲ್ಬರ್ನ್‌ನಲ್ಲಿ 15 ಜನರಿಗೆ ಅಳವಡಿಸಿದ್ದರು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕಂಪನಿಯ ಹಣ ಮುಗಿಯಿತು, ಸಾಧನಗಳನ್ನು ಹೊರತೆಗೆಯಬೇಕಾಯಿತು. ಅದರಿಂದ ಬದುಕೇ ಬದಲಾಗಿದ್ದ ಮಹಿಳೆಯೊಬ್ಬರು ತೆಗೆಸಿಕೊಳ್ಳಲು ಒಪ್ಪದೆ ಕೊನೆಯವರೆಗೂ ಹೋರಾಡಿ ಸೋತರು. ಪ್ರಯೋಗ ಮುಗಿದ ಮೇಲೆ ಬ್ಯಾಟರಿ ಬದಲಿಸುವವರು ಯಾರು, ಕಂಪನಿ ಮುಚ್ಚಿದರೆ ತಂತ್ರಾಂಶದ ಕೀಲಿ ಯಾರ ಬಳಿ ಇರುತ್ತದೆ, ತೆಗೆಯುವ ಶಸ್ತ್ರಚಿಕಿತ್ಸೆಗೆ ಹಣ ಎಲ್ಲಿಂದ ಬರುತ್ತದೆ? ಈ ಮೂರಕ್ಕೆ ಬರಹದಲ್ಲಿ ಉತ್ತರವಿಲ್ಲದ ಯೋಜನೆಗೆ ನೈತಿಕ ಸಮಿತಿ ಒಪ್ಪಿಗೆ ಕೊಟ್ಟರೂ ನೀವು ಸಹಿ ಮಾಡಬೇಡಿ.

ಆಡಳಿತದವರು ವರ್ಷದ ಕೊನೆಗೆ ಸಂಖ್ಯೆ ಕೇಳುತ್ತಾರೆ. ಎಷ್ಟು ಜನ ಬಂದರು, ಎಷ್ಟು ಒಪ್ಪಂದಗಳಾದವು ಎಂಬ ಲೆಕ್ಕ ಕೊಡಿ, ಅವರಿಗೂ ಅದು ಬೇಕು. ಅದರ ಜೊತೆಗೆ ಹೊರಗಿನವರ ಮಾತಿನಿಂದ ಯಾವ ಪ್ರಯೋಗದ ಯಾವ ಭಾಗ ಬದಲಾಯಿತು ಎಂದು ಒಂದು ಪುಟ ಬರೆದಿಡಿ. ನಿಮ್ಮ ಹುದ್ದೆ ಒಂದು ವರ್ಷದ ಅನುದಾನದ ಮೇಲೆ ನಿಂತಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಸಂಘಗಳು ನಂಬುವುದು ಪರಿಚಯದ ಮುಖವನ್ನು. ಪ್ರತಿ ವರ್ಷ ಹೊಸಬರು ಬಂದು ಮೊದಲಿನಿಂದ ಕಥೆ ಕೇಳಿದರೆ ಮೂರನೆಯ ವರ್ಷ ಬಾಗಿಲು ತೆರೆಯುವುದಿಲ್ಲ.

ಯಾವ ತಂಡದಿಂದ ಶುರುಮಾಡಬೇಕು? ನನ್ನನ್ನು ಕೇಳಿದರೆ ಪಾರ್ಶ್ವವಾಯುವಿನ ತಂಡ. ರೋಗಿಗಳು, ಮನೆಯವರು, ಫಿಸಿಯೋಥೆರಪಿಸ್ಟ್‌ಗಳು, ಉಪಕರಣ ತಯಾರಿಸುವವರು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಬಹುದಾದ ವಿಷಯ ಅದು. ಹೊರಗಿನವರನ್ನು ತಡವಾಗಿ ಕರೆದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿ ಒಳ್ಳೆಯ ನಿದರ್ಶನವಿದೆ. ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಹುಟ್ಟಿದ ಚಿಕಿತ್ಸೆಯೊಂದರಲ್ಲಿ ಚೆನ್ನಾಗಿರುವ ಕೈಗೆ ದಪ್ಪ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಗೆದ್ದಿತು. ಆದರೆ ಎಚ್ಚರವಿರುವ ಹೊತ್ತಿನ ಬಹುಪಾಲು ಕೈಗವಸು ತೊಟ್ಟು, ಎರಡು ವಾರ ದಿನಕ್ಕೆ ಆರು ಗಂಟೆಯವರೆಗೆ ಅಭ್ಯಾಸ ಮಾಡಬೇಕು. ಒಬ್ಬ ರೋಗಿಗೆ ಆರು ಗಂಟೆ ಕೊಡಬಲ್ಲ ಫಿಸಿಯೋಥೆರಪಿಸ್ಟ್ ಎಲ್ಲಿದ್ದಾರೆ? ಹೀಗಾಗಿ ಅದನ್ನು ದಿನಕ್ಕೆ ಕಡಿಮೆ ಹೊತ್ತಿನ, ಹೆಚ್ಚು ವಾರಗಳ ಚಿಕಿತ್ಸೆಯಾಗಿ ಮಾರ್ಪಡಿಸಿ ಪರೀಕ್ಷಿಸಬೇಕಾಯಿತು. ನಿಮ್ಮ ತಂಡ ಮುಂದಿನ ಪ್ರಯೋಗದ ಕರಡು ಬರೆಯುವ ದಿನ ಇಬ್ಬರು ಫಿಸಿಯೋಥೆರಪಿಸ್ಟ್‌ಗಳು, ಇಬ್ಬರು ರೋಗಿಗಳು ಪಕ್ಕದಲ್ಲಿರಲಿ.

ನರಕೋಶದ ಜೀವಶಾಸ್ತ್ರಜ್ಞರನ್ನು ಸದ್ಯಕ್ಕೆ ಅವರ ಪಾಡಿಗೆ ಬಿಡಿ. ಬಳಕೆದಾರ ಯಾರು ಎಂಬ ಕಾಲಂ ತುಂಬಿಸಿ ಎಂದು ಅವರನ್ನು ಪೀಡಿಸಿದರೆ ಸುಳ್ಳು ಬರೆಯುವುದನ್ನು ಕಲಿಸಿದಂತಾಗುತ್ತದೆ. ಕಡಲಿನ ಶಂಕುಬಸವನ ಹುಳುವಿನ ವಿಷದಲ್ಲಿ ಏನಿದೆ ಎಂದು ಯೂಟಾ ವಿಶ್ವವಿದ್ಯಾಲಯದ ಬಾಲ್ಡೊಮೆರೊ ಒಲಿವೇರಾ ಅವರ ತಂಡ ಕುತೂಹಲದಿಂದ ಹುಡುಕುತ್ತಿದ್ದಾಗ ನೋವಿನ ಔಷಧ ಯಾರ ಮನಸ್ಸಿನಲ್ಲೂ ಇರಲಿಲ್ಲ. ಆ ವಿಷದ ಒಂದು ಅಂಶ, ನರಕೋಶದ ಕ್ಯಾಲ್ಸಿಯಂ ದ್ವಾರವನ್ನು ಮುಚ್ಚುವಂಥದು, ಜಿಕೊನೊಟೈಡ್ ಎಂಬ ಹೆಸರಿನಲ್ಲಿ 2004ರ ಕೊನೆಗೆ ತೀವ್ರ ನೋವಿನ ಔಷಧವಾಗಿ ಅನುಮತಿ ಪಡೆಯಿತು. ಅದು ಅಲ್ಲಿಗೆ ತಲುಪಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ವರ್ಷಕ್ಕೊಮ್ಮೆ ಅವರ ಜೊತೆ ಕುಳಿತು ಹೊಸತೇನಿದೆ ಎಂದು ಕೇಳಿ ಬರೆದುಕೊಂಡರೆ ಸಾಕು. ಉಳಿದ ಸಮಯವನ್ನು ಪಾರ್ಶ್ವವಾಯು ಮತ್ತು ನಿದ್ದೆಯ ತಂಡಗಳಿಗೆ ಕೊಡಿ.